ಕೆಳಗಿನ ಐದು

“ಕೆಂಪಂಗಿಯೋರು ಇವತ್ತೂ ಮಕಾಡೆ ಮಲಗಿದ್ರಾ?”

ಜಗುಲಿಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದ ತೇಜಶ್ರೀ ತಲೆ ಎತ್ತಲಿಲ್ಲ. ಕೇಳಿದವರು ಯಾರೆಂದು ನೋಡುವ ಅಗತ್ಯವೇ ಇರಲಿಲ್ಲ. ಊರಾಚೆಯ ಹುಲ್ಲಿನ ಕಾವಲಿನಲ್ಲಿ ದೇವರ ದನ ಕಾಯುವ ಕಿಲಾರಿ ಪಾತಣ್ಣ ದಿನಾ ಬೆಳಿಗ್ಗೆ ದನ ಕೂಡುವ ಮುಳ್ಳುಬೇಲಿಯ ರೊಪ್ಪದಿಂದ ನೆಟ್ಟಗೆ ಇಲ್ಲಿಗೇ ಬರುತ್ತಿದ್ದ. ಕೋಲನ್ನು ಗೋಡೆಗೆ ಒರಗಿಸಿ, ಕಂಬಳಿ ಮಡಚಿ ಅದರ ಮೇಲೆ ಕೂತು, ಕಾಫಿ ಬರುವ ಮೊದಲು ಇದೊಂದು ಪ್ರಶ್ನೆ ಕೇಳುತ್ತಿದ್ದ.

“ಮಲಗಿದ್ರು ತಾತ. ಇಪ್ಪತ್ತು ಪಾಯಿಂಟಲ್ಲಿ.”

“ಥೂ, ಇವರ ಮನೆ ಹಾಳಾಗ! ಹಂಗಾರೆ ಈಗ ನೂರಕ್ಕೆ ಎಷ್ಟು?”

“ಎರಡು. ನಿನ್ನೆ ನಾಲ್ಕಿತ್ತು.”

ಅದು ಅವಳ ನೌಕರಿ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗಿನಲ್ಲಿ ಯಾವ ತಂಡ ಪ್ಲೇಆಫ್ ಎಂಬ ಕೊನೆಯ ಸುತ್ತು ಸೇರುತ್ತದೆ, ಯಾವುದು ಮನೆಗೆ ಹೋಗುತ್ತದೆ ಎಂದು ದಿನಾ ಅಂದಾಜು ಕಟ್ಟಿ ಒಂದು ವೆಬ್‌ಸೈಟಿಗೆ ಕಳಿಸಬೇಕು. ಅಲ್ಲಿ ರಾತ್ರಿ ಆಡಿದ್ದು ಇಲ್ಲಿ ಬೆಳಗಿನ ಬಿಸಿಲೇರುವ ಹೊತ್ತಿಗೆ ಮುಗಿಯುತ್ತಿತ್ತು. ಉಳಿದ ಪಂದ್ಯಗಳನ್ನೆಲ್ಲ ಕಂಪ್ಯೂಟರಿನಲ್ಲಿ ಹತ್ತು ಸಾವಿರ ಸಲ ಆಡಿಸಿ, ಎಷ್ಟು ಸಲ ಒಳಗೆ ಹೋದರು ಎಂದು ಎಣಿಸಿ ಪಟ್ಟಿ ಮಾಡುತ್ತಿದ್ದಳು. ಚಳ್ಳಕೆರೆಯ ಕಾಲೇಜಿನಲ್ಲಿ ತಾನೂ ಚೆಂಡು ಕುಟ್ಟಿದವಳು, ಆಮೇಲೆ ಸಂಖ್ಯಾಶಾಸ್ತ್ರ ಓದಿದವಳು; ಎರಡೂ ಸೇರಿ ಊಟ ಹಾಕುತ್ತಿದ್ದವು. ದೊಡ್ಡಉಳ್ಳಾರ್ತಿಯಲ್ಲಿ ಕೂತು ಅಮೆರಿಕದವರ ಹಣೆಬರಹ ಬರೆಯುತ್ತಾಳೆ ಎಂದು ಊರಿನವರು ಮೊದಮೊದಲು ನಕ್ಕರು. ಜನವರಿಯಲ್ಲಿ ಎಲ್ಲರೂ ಕೈಬಿಟ್ಟಿದ್ದ ಹಸಿರಂಗಿಯವರಿಗೆ ಇವಳು ಎಂಬತ್ತು ಕೊಟ್ಟು, ಅವರು ಗೆಲ್ಲುತ್ತ ಗೆಲ್ಲುತ್ತ ಮೇಲಕ್ಕೆ ಬಂದ ಮೇಲೆ ಯಾರೂ ನಗಲಿಲ್ಲ.

ಪಾತಣ್ಣನಿಗೆ ಓದು ಬಾರದು. ಆದರೆ ಪಟ್ಟಿಯಲ್ಲಿ ಅಂಗಿಯ ಬಣ್ಣಗಳಿದ್ದವು. ಯಾರು ಹತ್ತಿದರು, ಯಾರು ಜಾರಿದರು ಎಂದು ಅವನು ನೋಡುತ್ತಲೇ ಹೇಳುತ್ತಿದ್ದ.

“ಕೆಳಗಿರೋರಲ್ಲಿ ಕೆಲವರು ಬೇಕಂತಲೇ ಸೋಲ್ತಾರೆ ತಾತ,” ಎಂದು ಅವಳು ಅವತ್ತು ಬಾಯಿಗೆ ಬಂದದ್ದು ಹೇಳಿದಳು. “ಹಂಗಾದ್ರೆ ಮುಂದಿನ ವರ್ಷ ಹೊಸಬರನ್ನ ಮೊದಲು ಆರಿಸ್ಕೊಳ್ಳಾಕೆ ಬಿಡ್ತಾರೆ, ತಂಡಕ್ಕೆ ಒಳ್ಳೆ ಹುಡುಗರು ಬರ್ತಾರೆ.”

“ಬೇಕಂತಲೇ?” ಪಾತಣ್ಣ ಕಾಫಿಲೋಟ ಕೆಳಗಿಟ್ಟ. “ಮುಂದೆ ಬರೋರಿಗೋಸ್ಕರ ಇವರು ಸೋಲ್ತಾರಾ? ಏನ್ ದೊಡ್ಡ ಮನಸ್ಸವ್ವ ಅವರದು!”

ತೇಜಶ್ರೀಗೆ ನಗು ತಡೆಯಲಾಗಲಿಲ್ಲ. ತಿದ್ದಿ ಹೇಳುವಷ್ಟು ಪುರುಸೊತ್ತೂ ಇರಲಿಲ್ಲ.

ಅದೇ ವಾರ ಪಕ್ಕದೂರಿನಲ್ಲಿ ದನಗಳ ಮೈಮೇಲೆ ಗಂಟು ಎದ್ದವು. ಮೊದಲು ಒಂದು ಕರು, ಆಮೇಲೆ ಒಂದು ಜೋಡಿ ಎತ್ತು. ಚರ್ಮಗಂಟು ರೋಗ ಕಾವಲಿಗೆ ಬರುವುದಕ್ಕೆ ಹೆಚ್ಚು ದಿನ ಬೇಡ, ನೊಣ ಕೂತರೂ ಸಾಕು, ಆರೋಗ್ಯವಾಗಿರುವಾಗಲೇ ಲಸಿಕೆ ಹಾಕಿಸಿಬಿಡಿ ಎಂದು ದನದ ಡಾಕ್ಟರು ಮನೆಮನೆಗೆ ಬಂದು ಹೇಳಿ ಹೋದರು. ಊರಿನ ದನಗಳಿಗೆಲ್ಲ ಹಾಕಿದ್ದೂ ಆಯಿತು. ಉಳಿದದ್ದು ದೇವರ ದನ, ನೂರರ ಆಸುಪಾಸು. ಅವಕ್ಕೆ ಹಗ್ಗ ಕಟ್ಟುವುದಿಲ್ಲ, ನೊಗ ಹೂಡುವುದಿಲ್ಲ, ಸತ್ತರೆ ಮನುಷ್ಯರ ಹಾಗೆ ಮಣ್ಣು ಮಾಡುತ್ತಾರೆ. ಸೂಜಿಯ ಮಾತು ಅಲ್ಲಿ ಈವರೆಗೆ ಯಾರೂ ಎತ್ತಿದ್ದಿಲ್ಲ. ದೇವರನ್ನು ಕೇಳದೆ ಒಂದು ಕೂದಲೂ ಮುಟ್ಟಗೊಡುವುದಿಲ್ಲ ಎಂದು ಪಾತಣ್ಣ ರೊಪ್ಪದ ಬಾಯಿಗೆ ಅಡ್ಡ ನಿಂತ.

ಕೇಳುವವನು ತೇಜಶ್ರೀಯ ಅಪ್ಪ, ಪೂಜಾರಿ ಗಾದ್ರಪ್ಪ. ನೀರಲ್ಲಿ ಅದ್ದಿದ ಎರಡು ಹೂವನ್ನು ದೇವರ ಎರಡು ಭುಜಕ್ಕೆ ಅಂಟಿಸಿ ಕೈಮುಗಿದು ಕೂತರೆ ಬಲದ್ದು ಬಿದ್ದರೆ ಹೌದು, ಎಡದ್ದು ಬಿದ್ದರೆ ಬೇಡ. ಸೋಮವಾರ ಬೆಳಿಗ್ಗೆ ಅಂಟಿಸಿದ ಹೂವು ಮಧ್ಯಾಹ್ನವಾದರೂ ಬೀಳಲಿಲ್ಲ. ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಮಂಗಳವಾರ ನೋಡಿದರೆ ಎರಡೂ ಒಣಗಿ ಭುಜಕ್ಕೇ ಕಚ್ಚಿಕೊಂಡಿದ್ದವು. ಗಾದ್ರಪ್ಪನ ಮುಖ ಬಿಳಿಚಿಕೊಂಡಿತ್ತು. ತನ್ನ ಕಾಲದಲ್ಲಿ ದೇವರು ಹೀಗೆ ಬಾಯಿ ಕಟ್ಟಿಕೊಂಡು ಕೂತದ್ದನ್ನು ಅವನು ಕಂಡಿರಲಿಲ್ಲ.

“ಇನ್ನೊಂದ್ಸಲ ಕೇಳಪ್ಪ,” ಎಂದಳು ತೇಜಶ್ರೀ.

“ಒಂದೇ ಸಲ ಕೇಳೋದು. ಬೇಕಾದ ಉತ್ತರ ಬರೋವರೆಗೂ ಕೇಳ್ತಾ ಕೂರಾಕೆ ಇದೇನು ನಿನ್ನ ಕಂಪ್ಯೂಟರಾ?”

ಬುಧವಾರ ಪಾತಣ್ಣ ಬಂದವನು ಕೆಂಪಂಗಿಯವರನ್ನು ಕೇಳಲಿಲ್ಲ. ಕಂಬಳಿಯನ್ನೂ ಮಡಚಲಿಲ್ಲ. ನಿಂತುಕೊಂಡೇ ಇದ್ದ.

“ಕಾವಲಿನ ಆ ತುದೀಲಿ ಒಂದು ಬಿಡಾಡಿ ದನ ಸತ್ತು ಬಿದ್ದೈತವ್ವ. ಮೈತುಂಬ ಗಂಟು. ಹದ್ದು ಕೂಡ ಹತ್ರ ಬಂದಿಲ್ಲ. ದೇವರು ಮಾತಾಡಲ್ಲ ಅಂದ. ನೀನು ಹೇಳು, ಸೂಜಿ ಹಾಕ್ಸಿದ್ರೆ ಎಷ್ಟು?”

“ಅದು ಆಟ ತಾತ, ಇದು ಜೀವ. ನಾನು ಹೆಂಗೆ ಹೇಳ್ಲಿ?”

“ಹಸಿರಂಗಿಯೋರಿಗೆ ಹೇಳಿದ್ಯಲ್ಲ. ಅವರಿಗೆ ಜೀವ ಇರಲಿಲ್ವಾ?”

ಅವಳು ಡಾಕ್ಟರಿಗೆ ಫೋನು ಮಾಡಿದಳು. ಅವರು ಸುತ್ತಿ ಬಳಸಿ ಮಾತಾಡಿದರು; ಮಂದೆಯಿಂದ ಮಂದೆಗೆ ವ್ಯತ್ಯಾಸ, ಹೆಚ್ಚುಕಡಿಮೆ ಎಲ್ಲವೂ ಉಳಿಯುತ್ತವೆ, ಗ್ಯಾರಂಟಿ ಯಾರೂ ಕೊಡಲಾಗದು ಎಂದರು. ಅದನ್ನು ಹಾಗೇ ಹೇಳಿದರೆ ಮುದುಕ ತಿರುಗಿ ಹೋಗುತ್ತಾನೆ, ರೊಪ್ಪದ ಬಾಯಿ ತೆರೆಯುವುದಿಲ್ಲ, ಹದಿನೈದು ದಿನದಲ್ಲಿ ಇಡೀ ಮಂದೆ ಮಣ್ಣಾಗುತ್ತದೆ. ಅವಳಿಗೆ ಅದು ಕಣ್ಣಿಗೆ ಕಟ್ಟಿದಂತೆ ಕಂಡಿತು. ತಂಡಗಳಿಗೆ ಹೇಳುವ ಗಟ್ಟಿ ದನಿಯಲ್ಲೇ ಹೇಳಿದಳು.

“ನೂರಕ್ಕೆ ತೊಂಬತ್ತೈದು ಉಳೀತಾವೆ.”

“ಇನ್ನೈದು?”

“ಐದು ಹೋಗಬಹುದು.”

“ಯಾವ ಐದು?”

“ಅದು ಯಾರಿಗೂ ಗೊತ್ತಾಗಲ್ಲ ತಾತ.”

ಪಾತಣ್ಣ ಲ್ಯಾಪ್‌ಟಾಪಿನ ಪಟ್ಟಿಯ ಕಡೆ ಬಗ್ಗಿದ. ಅದರ ನಡುವೆ ಒಂದು ಗೆರೆ ಎಳೆದಿತ್ತು, ಮೇಲಿನವರು ಒಳಗೆ, ಕೆಳಗಿನವರು ಹೊರಗೆ; ಆ ಗೆರೆಯನ್ನು ಬೆರಳಲ್ಲಿ ಸವರಿದ. ಆಮೇಲೆ, “ಸರಿ, ನಾಡಿದ್ದು ಡಾಕ್ಟ್ರನ್ನ ಬರಾಕೇಳು,” ಎಂದು ಹೊರಟುಹೋದ. ಅವ್ವ ತಂದಿಟ್ಟ ಕಾಫಿ ಹಾಗೇ ಆರಿತು. ತೇಜಶ್ರೀಗೆ ಮಾತ್ರ ಖುಷಿಯೋ ಖುಷಿ. ದೇವರು ಮಾಡದಿದ್ದ ಕೆಲಸ ತಾನು ಮಾಡಿದೆ ಎಂದು ಒಳಗೊಳಗೇ ಹಿಗ್ಗಿದಳು.

ಶುಕ್ರವಾರ ಡಾಕ್ಟರು ಬಂದರು. ಬಿಸಿಲು ಬೆಂಕಿಯಂತಿತ್ತು. ಪಾತಣ್ಣ ಕಾಣಲಿಲ್ಲ, ಅವನ ಮಗ ಪಾಲಾಕ್ಷ ಒಂದೊಂದೇ ದನದ ಕೊಂಬು ಹಿಡಿದು ನಿಲ್ಲಿಸಿದ. ಹಗ್ಗವಿಲ್ಲದೆ ಅಷ್ಟು ದನಕ್ಕೆ ಚುಚ್ಚುವುದೆಂದರೆ ಸುಮ್ಮನೆ ಮಾತಲ್ಲ, ಮಧ್ಯಾಹ್ನವೇ ಆಯಿತು. ಕೊನೆಯದು ಮುಗಿದಾಗ ಪಾಲಾಕ್ಷ ಬೆವರು ಒರೆಸಿಕೊಂಡು ರೊಪ್ಪದ ಸುತ್ತ ಕಣ್ಣಾಡಿಸಿದ.

“ನಾಲ್ಕು ಇಲ್ಲಲ್ಲಕ್ಕ. ಆ ಮುದಿ ಹಸ, ಕುಂಟ ಹೋರಿ, ಇನ್ನೆರಡು ಗೊಡ್ಡು. ಅಪ್ಪ ಮೊನ್ನೆ ಸಂಜೆ ಮೇಸಾಕೆ ಹೊಡ್ಕೊಂಡು ಹೋದ.”

“ಮೊನ್ನೆಯಿಂದ ಬಂದಿಲ್ವಾ?”

“ಕಾವಲಲ್ಲೇ ಮಲಗ್ತೀನಿ ಅಂದ. ಅವನು ಹಂಗೇ.”

ತೇಜಶ್ರೀಗೆ ಪಾತಣ್ಣ ಹೇಳಿದ್ದ ಕಾವಲಿನ ತುದಿಯ ಸತ್ತ ದನ ನೆನಪಾಯಿತು. ಪಾಲಾಕ್ಷ ಡಾಕ್ಟರ ಜೊತೆ ಮಾತಾಡುತ್ತಿದ್ದ. ಅವಳು ಯಾರಿಗೂ ಹೇಳದೆ ನಡೆಯತೊಡಗಿದಳು. ಒಣಹುಲ್ಲು ಮೊಣಕಾಲಿಗೆ ತಾಕುತ್ತಿತ್ತು. ತುದಿಯಲ್ಲಿ ಆ ಸತ್ತ ದನ ಇನ್ನೂ ಬಿದ್ದಿತ್ತು. ವಾಸನೆಗೆ ಸೆರಗು ಮುಚ್ಚಿ ಬಿರಬಿರನೆ ದಾಟಿದಳು. ಅದರಿಂದಾಚೆ, ಬೇಲಿಯ ಹತ್ತಿರದ ಬಂಡೆಯ ಮಗ್ಗುಲಲ್ಲಿ, ಹೊಸದಾಗಿ ಕಡಿದ ಜಾಲಿಮುಳ್ಳಿನ ಸಣ್ಣದೊಂದು ರೊಪ್ಪ ಇತ್ತು. ಒಳಗೆ ದನಗಳು ನಿಂತಿದ್ದವು. ಬೇಲಿಮುಳ್ಳಿನ ಎಲೆ ಇನ್ನೂ ಪೂರ್ತಿ ಒಣಗಿರಲಿಲ್ಲ.

“ತಾತ!”

ಪಾತಣ್ಣ ಬೇಲಿಯೊಳಗೆ ಬಂಡೆಗೊರಗಿ ಕೂತಿದ್ದ. ಎರಡೇ ದಿನಕ್ಕೆ ತುಟಿ ಸೀಳಿಹೋಗಿತ್ತು. ಒಳಗೆ ನೀರಿನ ಕೊಡ ಇರಲಿಲ್ಲ, ಬುತ್ತಿಯೂ ಇರಲಿಲ್ಲ. ಕುಂಟ ಹೋರಿಯ ಕತ್ತಿನ ಮೇಲೆ ಅಡಿಕೆಯ ಗಾತ್ರದ ಗಂಟುಗಳು ಎದ್ದಿದ್ದವು.

“ಉಳಿದವಕ್ಕೆಲ್ಲ ಸೂಜಿ ಆತಾ?” ಎಂದ.

“ಆಯ್ತು. ಇವನ್ಯಾಕೆ ಇಲ್ಲಿ ತಂದಿಟ್ಟೆ? ಇವಕ್ಕೂ ಹಾಕ್ಸಬಹುದಿತ್ತಲ್ಲ!”

“ಐದು ಹೋಗ್ತಾವೆ ಅಂದೋಳು ನೀನೇ. ಯಾವುವು ಅಂದ್ರೆ ಗೊತ್ತಿಲ್ಲ ಅಂದೆ. ಗೊತ್ತಿಲ್ಲ ಅಂತ ಬಿಟ್ರೆ ಎಳೇವನ್ನ ಎತ್ಕೊಂಡು ಹೋಗ್ತೈತೆ ಆ ರೋಗ. ಬಸುರಿ ಹಸ ಅವೆ, ಹಾಲು ಕುಡಿಯೋ ಕರ ಅವೆ. ಯಾರಾದ್ರೂ ಕುಂತು ಆರಿಸಬೇಕಲ್ಲವ್ವ. ನಾನೇ ಆರಿಸ್ದೆ.”

“ಅಯ್ಯೋ, ನಾನು ಹೇಳಿದ್ದು ಹಂಗಲ್ಲ ತಾತ!” ತೇಜಶ್ರೀಗೆ ಅಳು ನುಗ್ಗಿ ಬಂತು. “ಐದೂ ಹೋಗಲೇಬೇಕು ಅಂತಲ್ಲ. ಒಂದೂ ಹೋಗದೆ ಇರಬಹುದು. ಅದು ಸುಮ್ನೆ ಲೆಕ್ಕ. ನನ್ನ ಬಾಯಿಗೆ ಬಂದ ಲೆಕ್ಕ! ನಿನ್ನ ದಮ್ಮಯ್ಯ, ಬಾಗಿಲು ತೆಗಿ.”

ಪಾತಣ್ಣ ಅವಳನ್ನು ಕನಿಕರದಿಂದ ನೋಡಿದ, ಹೂವು ಬೀಳದೆ ಎದ್ದು ಹೋದ ಭಕ್ತರನ್ನು ನೋಡುವ ಹಾಗೆ. ಈಗ ಮಾತು ಬದಲಿಸಿದರೆ ಅಲ್ಲಿ ತೊಂಬತ್ತೈದಕ್ಕೂ ಕುತ್ತು ಎಂದು ಅವನು ನಂಬಿದ್ದು ಮುಖದಲ್ಲೇ ಕಾಣುತ್ತಿತ್ತು. ಎದ್ದು ಬಂದು, ಅವಳು ಹಿಡಿದೆಳೆಯುತ್ತಿದ್ದ ಮುಳ್ಳಿನ ಕೊಂಬೆಯನ್ನು ಒಳಗಿನಿಂದ ಇನ್ನಷ್ಟು ಬಿಗಿಯಾಗಿ ಸಿಕ್ಕಿಸಿದ. ಅವಳ ಅಂಗೈಯಲ್ಲಿ ರಕ್ತ ಬಂತು.

ಅವಳು ಒಳಗಿದ್ದ ದನಗಳನ್ನು ಇನ್ನೊಮ್ಮೆ ಎಣಿಸಿದಳು.

“ನಾಲ್ಕೇ ಅವಲ್ಲ ತಾತ,” ಎಂದಳು, ಏನಾದರೂ ಹೇಳಿ ಅವನನ್ನು ಮಾತಿಗೆಳೆಯಬೇಕೆಂದು. “ಲೆಕ್ಕ ಎಲ್ಲಿ ಸರಿ ಹೋಯ್ತು?”

“ನಾಲ್ಕನ್ನ ಆರಿಸ್ದೆ,” ಎಂದ ಪಾತಣ್ಣ. “ಐದನೇದಕ್ಕೆ ಇನ್ನೊಂದು ದನದ ಮೇಲೆ ಕೈ ಬರಲಿಲ್ಲ ಕಣವ್ವ.”

ಅವನು ಹಿಂದಕ್ಕೆ ಹೋಗಿ, ತಲೆಯ ವಸ್ತ್ರ ಬಿಚ್ಚಿ ಮಡಚಿಟ್ಟು, ದನಗಳ ನಡುವೆ ಅವುಗಳ ಹಾಗೆಯೇ ಮೊಣಕಾಲು ಮಡಿಸಿ ಮಲಗಿದ. ಮುದಿ ಹಸು ಕತ್ತು ಬಗ್ಗಿಸಿ ಮೂಸಿ ನೋಡಿ, ಅವನ ನರೆತ ತಲೆಯನ್ನು ನಿಧಾನವಾಗಿ ನೆಕ್ಕತೊಡಗಿತು.