ಸಾವ್ಕಾರರಿಗೆ ಕೊಡದ ಚೀಟಿ

ಪಾಲಿಕೆಯ ಪರ್ಮಿಟ್ಟಿಗೆ ಎರಡು ಸಾವಿರ. ತಪ್ಪಿದರೆ ಮುಟ್ಟುಗೋಲಾಗುವ ಡಿಪಾಜಿಟ್ಟು ಇಪ್ಪತ್ತೈದು ಸಾವಿರ. ವಿಮೆಗೆ ಒಂಬತ್ತು ಸಾವಿರದ ನಾನೂರು. ಹೊಳೆಯುವ ಪಟ್ಟಿಯ ಅಂಗಿ ಐದಕ್ಕೆ ಒಂಬೈನೂರು, ನಂಬರು ಹಾಕಿದ ಚೀಟಿ ಪುಸ್ತಕಗಳಿಗೆ ಇನ್ನೊಂದು ಒಂಬೈನೂರು. ಎಲ್ಲ ಸೇರಿ ಮೂವತ್ತೆಂಟು ಸಾವಿರದ ಇನ್ನೂರು. ಅದಕ್ಕೆ ಮಾಳಿಂಗಪ್ಪನ ಹೆಂಡತಿ ಕೊಟ್ರವ್ವನ ಗುಂಡಿನ ಸರ ಹೋಯಿತು.

"ಮಂದಿ ಗಾಡಿ ನಿಲ್ಸಾಕೆ ನಾವು ರೊಕ್ಕ ಕೊಡಬೇಕಾ?" ಸರ ಬಿಚ್ಚಿ ಕೊಡುವಾಗ ಅವಳು ಕೇಳಿದ್ದು ಅಷ್ಟೇ.

"ಈಗ ಕಾನೂನು ಹಂಗೈತೆ."

ವ್ಯಾಲೆ ಪಾರ್ಕಿಂಗ್ ಎಂದು ಪಾಲಿಕೆಯವರು ಅರ್ಜಿಯಲ್ಲಿ ಬರೆಸಿಕೊಂಡರು. ಮಾಳಿಂಗಪ್ಪನಿಗೆ ಅದು ಗಾಡಿ ನಿಲ್ಲಿಸುವ ಕೆಲಸ. ದಾವಣಗೆರೆಯ ಕಲ್ಯಾಣ ಮಂಟಪಗಳ ಬಾಗಿಲಲ್ಲಿ ಒಂಬತ್ತು ವರ್ಷದಿಂದ ಮಾಡಿಕೊಂಡು ಬಂದದ್ದು. ಮುಖ ನೋಡಿದರೆ ಗಾಡಿ ನೆನಪಾಗುತ್ತಿತ್ತು, ಗಾಡಿ ನೋಡಿದರೆ ಮುಖ. ಬರೆದಿಡುವ ರೂಢಿಯೇ ಇರಲಿಲ್ಲ.

ಹೊಸ ನಿಯಮ ಬೇರೆ. ಐನೂರಕ್ಕಿಂತ ಹೆಚ್ಚು ಜನ ಸೇರುವ ಸಮಾರಂಭದಲ್ಲಿ ಪ್ರತಿ ಚಾವಿಗೂ ಒಂದು ಚೀಟಿ. ಅರ್ಧ ಗಾಡಿಯವರಿಗೆ, ಅರ್ಧ ಚಾವಿಯ ಜೊತೆ ಕೌಂಟರಿನ ಹಲಗೆಯ ಮೊಳೆಗೆ. ಚೀಟಿ ತೋರಿಸದೆ ಚಾವಿ ಕೊಡುವಂತಿಲ್ಲ. ಆಟೋ, ಫೋನಿನಲ್ಲಿ ಕರೆಸುವ ಟ್ಯಾಕ್ಸಿ ಬಾಗಿಲಿಗೆ ಬರುವಂತಿಲ್ಲ. ಇನ್ನೂರೈವತ್ತು ಮೀಟರ್ ಆಚೆ, ರಸ್ತೆಯ ತಿರುವಿನಲ್ಲಿ ಹಳದಿ ಗೆರೆ ಹೊಡೆದ ಕಡೆಯೇ ಜನ ಹತ್ತಬೇಕು. ಒಂದು ಸಲ ತಪ್ಪಿದರೂ ಪರ್ಮಿಟ್ಟು ರದ್ದು.

ಬೀಜ ವ್ಯಾಪಾರಿಗಳ ಸಂಘಕ್ಕೆ ಐವತ್ತು ವರ್ಷ ತುಂಬಿದ ಸಮಾರಂಭವೇ ಪರ್ಮಿಟ್ಟಿನ ಮೊದಲ ಕೆಲಸ. ಇದೊಂದು ಸುಸೂತ್ರವಾದರೆ ವರ್ಷದ ಕೆಲಸವೆಲ್ಲ ನಿನಗೇ ಎಂದು ಮಂಟಪದ ಮಾಲೀಕರು ಮಾತು ಕೊಟ್ಟಿದ್ದರು. ಚೀಟಿ ಬರೆಯಲು ಮಾಳಿಂಗಪ್ಪ ಹರಿಹರದ ರೌಫ್‌ನನ್ನು ಕರೆತಂದಿದ್ದ. ಕರೂರಿನ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಹದಿನೈದು ವರ್ಷ ದುಡಿದ ಮನುಷ್ಯ. ಚೀಟಿಯಿಲ್ಲದೆ ಒಂದು ಬೋಲ್ಟನ್ನೂ ಹೊರಗೆ ಬಿಟ್ಟವನಲ್ಲ.

ಭಾನುವಾರ ಹತ್ತೂವರೆಗೆ ಹರಿಹರದಿಂದ ಬೂದು ಬಣ್ಣದ ಹಳೆಯ ಕಾರು ಬಂತು. ಎಪ್ಪತ್ತಾರನೇ ವಯಸ್ಸಿನಲ್ಲೂ ತಾವೇ ಗಾಡಿ ಓಡಿಸುವ ಶಿವಯೋಗಪ್ಪ ಇಳಿದರು. ಅಕ್ಕಿ ಗಿರಣಿಯ ಮಾಲೀಕರು. ಮಾಳಿಂಗಪ್ಪ ಹನ್ನೊಂದು ವರ್ಷ ಅವರ ಡ್ರೈವರಾಗಿದ್ದ.

"ಏನಲೇ ಮಾಳಿಂಗ, ರೈಲ್ವೆ ಗ್ಯಾಂಗ್‌ಮನ್ ಆಗೀಯಲ್ಲೋ."

"ಪಾಲಿಕೆಯೋರು ಹಾಕ್ಸಿದ ಅಂಗಿ ಸಾವ್ಕಾರ್ರೆ. ಅಮ್ಮಾರೆ, ನಿಧಾನ ಇಳೀರಿ."

"ಮಂಡಿ ನನ್ನ ಮಾತು ಕೇಳಲ್ಲ ಕಣಪ್ಪ," ಎಂದರು ಅವರ ಹೆಂಡತಿ ಶಕುಂತಲಮ್ಮ, ಮಾಳಿಂಗಪ್ಪನ ತೋಳು ಹಿಡಿದು ಇಳಿಯುತ್ತ. "ಸಹನಾ ಹೆಂಗವಳೆ?" ಮಾಳಿಂಗಪ್ಪನ ಮಗಳ ಬಾಣಂತನಕ್ಕೆ ಎರಡು ಸೇರು ತುಪ್ಪ ಕಳಿಸಿದಾಕೆ.

ಶಿವಯೋಗಪ್ಪ ಚಾವಿಯನ್ನು ಅವನ ಅಂಗೈಗೆ ಹಾಕಿದರು. ರೌಫ್ ಪುಸ್ತಕ ತೆರೆದು, "ನಂಬರ್ ನಲವತ್ತೊಂದು," ಎಂದ.

"ಬ್ಯಾಡ ಬಿಡು. ಇವರು ನಮ್ಮೋರು."

"ನಮ್ಮೋರು ಅನ್ನೋ ಕಾಲಂ ಪುಸ್ತಕದಾಗಿಲ್ಲ ಭಾಯ್."

ಮಾಳಿಂಗಪ್ಪ ಕಣ್ಣಲ್ಲೇ ಗದರಿದ. ಅನ್ನ ಹಾಕಿದ ಧಣಿಯ ಕೈಗೆ ಚೀಟಿ ಕೊಟ್ಟು, ಹೋಗುವಾಗ ತೋರಿಸಿ ಎನ್ನುವುದು, ಈ ಗಾಡಿ ನಿಮ್ಮದೇ ಏನು ಎಂದು ಕೇಳಿದ ಹಾಗೆ. ಅದು ಅವನ ಬಾಯಲ್ಲಿ ಬರುವ ಮಾತಲ್ಲ. ಕಾರನ್ನು ಎಲ್ಲರ ಸಾಲಿಗೆ ಬಿಡದೆ ಮಂಟಪದ ಹಿಂದೆ ಹೊಂಗೆ ನೆರಳಿಗೆ ನಿಲ್ಲಿಸಿ, ಚಾವಿಯನ್ನು ಎದೆಯ ಜೇಬಿಗೆ ಹಾಕಿಕೊಂಡ. ಎಲ್ಲಿ ನಿಲ್ಲಿಸಿದೆ ಎಂದು ರೌಫನಿಗೆ ಹೇಳಲಿಲ್ಲ. ಅಷ್ಟರಲ್ಲಿ ಬೇರೆ ಗಾಡಿಗಳು ಬಂದಿದ್ದವು.

ಒಂದು ಗಂಟೆಗೆ ಪಾಲಿಕೆಯ ಇನ್ಸ್‌ಪೆಕ್ಟರ್ ತಿಪ್ಪೇರುದ್ರಪ್ಪ ಬಂದು, ಗೆರೆ ಅಳೆಯಬೇಕು ಬಾ ಎಂದು ಕರೆದರು. ಮಾಳಿಂಗಪ್ಪ ಚಾರ್ಜಿಗೆ ಹಾಕಿದ್ದ ಫೋನು ಕೌಂಟರಿನ ಮೇಲೇ ಉಳಿಯಿತು. ಬಿಸಿಲು ಸುಡುತ್ತಿತ್ತು. ತಿಪ್ಪೇರುದ್ರಪ್ಪ ಟೇಪು ಹಿಡಿದು ಅಳೆದು, ಬರೆದುಕೊಂಡರು.

"ಗೆರೆ ಸರಿ ಐತೆ. ಚೀಟಿ ಲೆಕ್ಕ?"

"ಎಲ್ಲಾ ಸರಿ ಐತೆ ಸಾರ್," ಎಂದ ಮಾಳಿಂಗಪ್ಪ. ಜೇಬಿನ ಚಾವಿ ಎದೆಗೆ ಒತ್ತುತ್ತಿತ್ತು.

ತಲೆಯೆತ್ತಿದಾಗ ಕಂಡದ್ದು ಶಿವಯೋಗಪ್ಪ ಮತ್ತು ಶಕುಂತಲಮ್ಮ. ಅವರು ಹೆಂಡತಿಯ ತೋಳು ಹಿಡಿದಿದ್ದರು. ಆಕೆ ಸೆರಗನ್ನು ತಲೆಯ ಮೇಲೆಳೆದುಕೊಂಡು, ಹೆಜ್ಜೆಗೊಮ್ಮೆ ನಿಂತು ಬರುತ್ತಿದ್ದರು. ಗೆರೆಯ ಹತ್ತಿರ ಒಂದು ಟ್ಯಾಕ್ಸಿ ಕಾಯುತ್ತಿತ್ತು. ಹತ್ತಡಿ ಉಳಿದಿತ್ತು. ಚರಂಡಿಯ ಚಪ್ಪಡಿಯ ಅಂಚಿಗೆ ಆಕೆಯ ಕಾಲು ತಗುಲಿತು. ಶಿವಯೋಗಪ್ಪನ ಕೈಯಲ್ಲಿ ಅಷ್ಟು ಬಲವಿರಲಿಲ್ಲ.

ಮಾಳಿಂಗಪ್ಪ ಓಡಿದ. ಆಕೆ ಕೂಗಲಿಲ್ಲ. ಎಡಗಾಲು ಮಾತ್ರ ಇರಬಾರದ ಕಡೆ ತಿರುಗಿತ್ತು.

"ಒಳಗೆ ತಲೆ ತಿರುಗ್ತು ಅಂದ್ಲು," ಎಂದರು ಶಿವಯೋಗಪ್ಪ. "ಚಾವಿ ಕೇಳ್ದೆ. ಚೀಟಿ ಬರೆಯೋನು ಊಟಕ್ಕೆ ಹೋಗಿದ್ನಂತೆ, ಕೌಂಟರಿನಾಗಿದ್ದ ಹುಡುಗ ಚೀಟಿ ಕೊಡ್ರಿ ಅಂದ. ಚೀಟಿ ಇಲ್ಲ ಅಂದೆ. ಹಲಗೆಯಾಗೆ ಚಾವೀನೂ ಇಲ್ಲ. ನಿಂಗೆ ಫೋನ್ ಹಚ್ಚಿದ್ರೆ ಅಲ್ಲೇ ಮೇಜಿನ ಮ್ಯಾಲೆ ಬಡ್ಕಂತು. ಟ್ಯಾಕ್ಸಿ ಕರೆಸಿದ್ವಿ. ಅದು ಬಾಗ್ಲಿಗೆ ಬರಂಗಿಲ್ವಂತೆ."

ಮಾಳಿಂಗಪ್ಪ ಜೇಬಿನಿಂದ ಚಾವಿ ತೆಗೆದ.

"ನಿನ್ನತ್ರಾನೇ ಇತ್ತೇನು," ಎಂದರು ಶಿವಯೋಗಪ್ಪ. ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು.

ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಮಲಗಿಸಿ ಆಸ್ಪತ್ರೆಗೆ ಕಳಿಸಿದರು. ಸೊಂಟದ ಮೂಳೆ ಮುರಿದಿದೆ ಎಂಬ ಸುದ್ದಿ ಮೂರು ಗಂಟೆಗೆ ಬಂತು. ಆಗ ತಿಪ್ಪೇರುದ್ರಪ್ಪ ಕೌಂಟರಿನಲ್ಲಿ ಪುಸ್ತಕ ಎಣಿಸುತ್ತಿದ್ದರು. ಗಾಡಿ ನೂರಾ ಹದಿಮೂರು, ಚೀಟಿ ನೂರಾ ಹನ್ನೆರಡು.

ತಿಪ್ಪೇರುದ್ರಪ್ಪ ಮಾಳಿಂಗಪ್ಪನನ್ನು ಪಕ್ಕಕ್ಕೆ ಕರೆದರು. ಕೆಟ್ಟವರಲ್ಲ. "ನೋಡು, ಕೌಂಟರಿನೋನು ಬರೆಯೋದು ಬಿಟ್ಟ ಅಂತ ಬರೀತೀನಿ. ಅವನನ್ನ ಇವತ್ತೇ ತೆಗೆದುಹಾಕು. ನಿನ್ನ ಪರ್ಮಿಟ್ ಉಳೀತೈತೆ."

ಮಾಳಿಂಗಪ್ಪ ರೌಫನ ಕಡೆ ನೋಡಿದ. ರೌಫ್ ಪೆನ್ನಿನ ಮುಚ್ಚಳ ಹಾಕುತ್ತಿದ್ದ, ತೆಗೆಯುತ್ತಿದ್ದ. ಕೊಟ್ರವ್ವನ ಬರಿಗೊರಳೂ ನೆನಪಾಯಿತು.

"ಅವನು ಬರಿಯಾಕೆ ಹೊಂಟಿದ್ದ ಸಾರ್. ನಾನೇ ಬ್ಯಾಡಂದೆ."

"ಯೋಚನೆ ಮಾಡಿ ಹೇಳು."

"ಯೋಚನೆ ಬೆಳಿಗ್ಗೆ ಮಾಡಬೇಕಿತ್ತು. ಬರ್ಕಳ್ರಿ."

ತಿಂಗಳ ಮೇಲೆ ಅವನು ಹರಿಹರಕ್ಕೆ ಹೋದ. ಶಕುಂತಲಮ್ಮ ಕಿಟಕಿಯ ಪಕ್ಕದ ಮಂಚದಲ್ಲಿದ್ದರು. "ಕುಂತ್ಕಳಪ್ಪ," ಎಂದು ಕೈ ತೋರಿಸಿ ಕಣ್ಣು ಮುಚ್ಚಿದರು. ಶಿವಯೋಗಪ್ಪ ಜಗಲಿಯವರೆಗೆ ಬಂದರು. ಬೂದು ಕಾರಿನ ಮೇಲೆ ಧೂಳು ಕೂತಿತ್ತು.

"ಸಾವ್ಕಾರ್ರೆ, ಒಂದು ಮಾತು ಕೇಳ್ತೀನಿ. ಅವತ್ತು ನಾನು ಚೀಟಿ ಕೊಟ್ಟಿದ್ರೆ ನಿಮಗೆ ಸಿಟ್ಟು ಬರ್ತಿತ್ತಾ?"

"ಬರ್ತಿತ್ತು," ಎಂದರು ಶಿವಯೋಗಪ್ಪ. "ಸಂಜೀಕೆ ಮರೀತಿದ್ದೆ."

ಶಕುಂತಲಮ್ಮ ಮತ್ತೆ ಕೋಲಿಲ್ಲದೆ ನಡೆಯಲಿಲ್ಲ. ಶಿವಯೋಗಪ್ಪ ಮತ್ತೆ ಗಾಡಿ ಓಡಿಸಲಿಲ್ಲ. ಪರ್ಮಿಟ್ಟು ರದ್ದಾಯಿತು, ಡಿಪಾಜಿಟ್ಟು ಪಾಲಿಕೆಗೆ ಹೋಯಿತು. ಗುಂಡಿನ ಸರ ಬರಲಿಲ್ಲ. ಹೊಸ ಪರ್ಮಿಟ್ಟು ರೌಫನ ಹೆಸರಿಗಾಯಿತು. ಮಾಳಿಂಗಪ್ಪ ಅವನ ಕೈಕೆಳಗೆ ದಿನಕ್ಕೆ ಆರುನೂರು ರೂಪಾಯಿಗೆ ಗಾಡಿ ನಿಲ್ಲಿಸುತ್ತಾನೆ. ಈಗ ಯಾರೇ ಇಳಿಯಲಿ, ಮುಖ ನೋಡುವ ಮೊದಲು ಚೀಟಿ ಹರಿದು ಕೊಡುತ್ತಾನೆ.