ಚುಕ್ಕಿಯ ಮೊಟ್ಟೆಗಳು

ಮಾಡದಕೆರೆಯಲ್ಲಿ ಬೋರಕ್ಕನ ಹಿತ್ತಿಲಿಗೂ ಗಂಗಕ್ಕನ ಹಿತ್ತಿಲಿಗೂ ನಡುವೆ ಇದ್ದದ್ದು ಸೊಂಟದೆತ್ತರದ ಒಂದು ಮಣ್ಣಿನ ಗೋಡೆ. ಹೆಂಗಸರಿಬ್ಬರೂ ಆ ಗೋಡೆಯ ಮೇಲಿನಿಂದಲೇ ಕೆಂಡ, ಉಪ್ಪು, ಮಜ್ಜಿಗೆ ಎಲ್ಲವನ್ನೂ ಆಚೀಚೆ ದಾಟಿಸುತ್ತಿದ್ದರು. ಎಪ್ಪತ್ತೈದನೇ ಇಸವಿಯ ಮಾಗಿಯಲ್ಲಿ ಆ ಕೊಡುಕೊಳ್ಳುವಿಕೆ ನಿಂತುಹೋಯಿತು. ಅದಕ್ಕೆ ಕಾರಣ ಗಂಗಕ್ಕನ ಮನೆಯ ನಾಯಿ, ಕಾಳ.

ಕಾಳ ಹುಟ್ಟಿದಾಗಿನಿಂದ ಕುರಿಗಳ ಹಿಂದೆ ಓಡಾಡಿ ಬೆಳೆದವನು. ಗಂಗಕ್ಕನ ಗಂಡ ಬೀರಪ್ಪ ಮಂದೆ ಹೊಡೆದುಕೊಂಡು ಹೋದಲ್ಲೆಲ್ಲ ಜೊತೆಗಿರುತ್ತಿದ್ದ. ಹಿಂದಿನ ಬೇಸಿಗೆಯಲ್ಲಿ ಮಂದೆಗೆ ತೋಳ ನುಗ್ಗಿದಾಗ ಕಾಳ ಅದರ ಮೇಲೆ ಬಿದ್ದು ಮರಿಗಳನ್ನು ಉಳಿಸಿದ್ದ. ಆದರೆ ಅವನ ಹಿಂಗಾಲು ಒಂದು ಸೊಟ್ಟಗಾಯಿತು. ದೂರ ನಡೆಯಲಾರ ಎಂದು ಬೀರಪ್ಪ ಅವನನ್ನು ಮನೆಯಲ್ಲೇ ಬಿಟ್ಟು, ಕುರಿಗಳನ್ನು ಹೊಸದುರ್ಗದ ಕಡೆಯ ತೆಂಗಿನ ತೋಟಗಳಲ್ಲಿ ಗೊಬ್ಬರಕ್ಕೆ ನಿಲ್ಲಿಸಲು ಹೋದ. ಕಾಯಲು ಏನೂ ಇಲ್ಲದೆ ಕಾಳ ದಿನವಿಡೀ ಬಾಗಿಲಲ್ಲಿ ಕೂತು ಹಾದಿ ನೋಡುತ್ತಿದ್ದ. ಕಣ್ಣೆದುರು ಏನು ಓಡಿದರೂ ಬೆನ್ನಟ್ಟುತ್ತಿದ್ದ.

ಮೊದಲು ಓಡಿಸಿದ್ದು ಬೋರಕ್ಕನ ಹುಂಜವನ್ನು. ಅದು ಹುಲ್ಲಿನ ಬಣವೆ ಹತ್ತಿ ಬಚಾವಾಯಿತು. ಬೋರಕ್ಕ ಗೋಡೆಯ ಬಳಿ ಬಂದು ನಿಂತಳು.

"ಗಂಗಿ, ನಿನ್ ನಾಯಿ ಕಟ್ಟಾಕು. ನಮ್ ಕೋಳಿಗೆ ಜೀವ ಇಲ್ದಂಗಾಗೈತೆ."

"ಕಟ್ಟಿದ್ರೆ ಊಟ ಬಿಡ್ತಾನೆ ಬೋರಕ್ಕ. ಕಟ್ಟಿಸಿಕೊಂಡು ಗೊತ್ತಿಲ್ಲ ಅವನಿಗೆ. ನಾನು ಕಣ್ಣಿಟ್ಟಿರ್ತೀನಿ."

"ಕಣ್ಣು ಎಷ್ಟೊತ್ತಂತ ಇಡ್ತೀಯ?"

ಬೋರಕ್ಕ ಅಷ್ಟಕ್ಕೇ ಬಿಟ್ಟಳು. ಆದರೆ ಮಾರನೆಯ ದಿನ ಗೋಡೆಯ ಮೇಲೆ ಮಜ್ಜಿಗೆ ಚೊಂಬು ಕಾಣಲಿಲ್ಲ.

ಬೋರಕ್ಕನಿಗೆ ಆಗ ಚುಕ್ಕಿಯ ಚಿಂತೆ. ಚುಕ್ಕಿ ಎಂದರೆ ಮೈಮೇಲೆ ಬಿಳಿ ಚುಕ್ಕೆಗಳಿದ್ದ ಅವಳ ಹೇಟೆಕೋಳಿ. ತುರುವನೂರಿನ ತವರಿನಿಂದ ಅವ್ವ ಕೊಟ್ಟು ಕಳಿಸಿದ್ದ ಕೋಳಿಯ ವಂಶದಲ್ಲಿ ಉಳಿದದ್ದು ಅದೊಂದೇ. ಅವ್ವ ತೀರಿಕೊಂಡು ವರ್ಷವಾಗಿತ್ತು, ಅಲ್ಲೀಗ ಕೋಳಿ ಸಾಕುವವರೂ ಇರಲಿಲ್ಲ. ಚುಕ್ಕಿ ಹಿತ್ತಿಲ ಕೊಟ್ಟಿಗೆಯ ಮೂಲೆಯಲ್ಲಿ, ಹುಲ್ಲು ಹಾಸಿದ ಮಂಕರಿಯಲ್ಲಿ ಕಾವಿಗೆ ಕೂತಿತ್ತು. ಮರಿಯಾಗಲು ಇನ್ನೆರಡು ಮೂರು ದಿನ ಬಾಕಿ.

ಕಾವಿಗೆ ಕೂತ ಕೋಳಿ ದಿನಕ್ಕೊಮ್ಮೆಯಾದರೂ ಎದ್ದು ಬಂದು ಕಾಳು ತಿಂದು ನೀರು ಕುಡಿಯಬೇಕು. ಅವತ್ತು ಬೆಳಿಗ್ಗೆ ಚುಕ್ಕಿ ಹಾಗೇ ಎದ್ದು ಹಿತ್ತಿಲಿಗೆ ಬಂತು. ಬೋರಕ್ಕ ಒಳಗೆ ರಾಗಿ ಬೀಸುತ್ತಿದ್ದಳು. ಗಂಗಕ್ಕ ನೀರಿಗೆ ಹೋಗಿದ್ದಳು. ಕೂಗು ಕೇಳಿ ಬೋರಕ್ಕ ಹೊರಗೆ ಓಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾಳ ಕೋಳಿಯನ್ನು ತಿನ್ನಲೂ ಇಲ್ಲ. ನೆಲದ ಮೇಲೆ ಇಟ್ಟು, ಅದು ಯಾಕೆ ಓಡುತ್ತಿಲ್ಲ ಎಂಬಂತೆ ಮೂತಿಯಿಂದ ಮೆಲ್ಲಗೆ ತಳ್ಳುತ್ತಿದ್ದ.

ಬೋರಕ್ಕ ಕೋಲು ಹುಡುಕಲಿಲ್ಲ. ಸತ್ತ ಕೋಳಿಯನ್ನು ಮಡಿಲಿಗೆ ಎತ್ತಿಕೊಂಡು ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತುಬಿಟ್ಟಳು.

ನೀರಿನ ಕೊಡ ಹೊತ್ತು ಬಂದ ಗಂಗಕ್ಕ ಕೊಡವನ್ನು ಅಲ್ಲೇ ಇಳಿಸಿ ಗೋಡೆ ದಾಟಿ ಬಂದಳು. ಬೋರಕ್ಕನ ಮಡಿಲಲ್ಲಿದ್ದ ಚುಕ್ಕಿಯನ್ನು ನೋಡಿದಳು. ಆಮೇಲೆ ಮಂಕರಿಯ ಕಡೆ ಹೋಗಿ ಮೊಟ್ಟೆಗಳನ್ನು ಮುಟ್ಟಿ ನೋಡಿದಳು.

"ಇನ್ನೂ ಬಿಸಿ ಅವೆ ಬೋರಕ್ಕ."

"ತಾಯಿನೇ ಹೋದ ಮೇಲೆ ಅವೇನ್ ಉಳಿತಾವೆ. ಬಿಸಾಕು."

ಗಂಗಕ್ಕ ಬಿಸಾಕಲಿಲ್ಲ. ಒಂದೊಂದನ್ನೇ ಸೆರಗಿಗೆ ಹಾಕಿಕೊಂಡು, ಗೋಡೆಯ ಮೇಲೆ ದಾಟದೆ, ಬೀದಿ ಸುತ್ತಿ ನಿಧಾನವಾಗಿ ಮನೆಗೆ ನಡೆದಳು.

ಅವಳ ಮನೆಯಲ್ಲಿ ಯಾವತ್ತೂ ಕೋಳಿ ಸಾಕಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ತಬ್ಬಲಿ ಕುರಿಮರಿ ಸಾಕುವುದು. ಅದನ್ನೇ ಮಾಡಿದಳು. ಅಗಲ ಬಾಯಿಯ ಮಡಕೆಗೆ ಬೆಚ್ಚಗಿನ ಬೂದಿ ಸುರಿದು, ಅದರ ಮೇಲೆ ಕಂಬಳಿ ತುಂಡು ಹಾಸಿ, ಉಣ್ಣೆಯ ನಡುವೆ ಮೊಟ್ಟೆಗಳನ್ನು ಇಟ್ಟು ಒಲೆಯ ಮಗ್ಗುಲಿಗೆ ಕೂರಿಸಿದಳು. ಬೂದಿ ಆರಿದಾಗ ಬದಲಿಸಿದಳು. ಬಿಸಿ ಹೆಚ್ಚಾಯಿತೇನೋ ಎಂದು ಗಳಿಗೆಗೊಮ್ಮೆ ಒಂದು ಮೊಟ್ಟೆ ತೆಗೆದು ಕೆನ್ನೆಗೆ ಒತ್ತಿ ನೋಡಿದಳು. ಕಾಳನನ್ನು ಮುಂದಿನ ಕಂಬಕ್ಕೆ ಕಟ್ಟಿದ್ದಳು. ಅವನು ಅನ್ನ ಮುಟ್ಟದೆ ಕುಂಯ್ಗುಟ್ಟುತ್ತಿದ್ದ. ಅವಳು ಅವನ ಕಡೆ ನೋಡಲೂ ಇಲ್ಲ.

ಗಂಗಕ್ಕನ ಸೂರಿನಿಂದ ಹೊಗೆ ಏಳುತ್ತಲೇ ಇದ್ದದ್ದನ್ನು ಬೋರಕ್ಕ ದಿನವೆಲ್ಲ ನೋಡಿದಳು. ಅವಳ ಗಂಡ ಜಂಪಣ್ಣ, "ಪಾಪ, ಆಕೆ ಇವತ್ತು ಮುದ್ದೆ ಉಂಡ್ಲೋ ಇಲ್ವೋ. ಹೋಗ್ ನೋಡಬಾರ್ದಾ?" ಎಂದ. ಬೋರಕ್ಕ ಮರುದಿನ ಬೆಳಿಗ್ಗೆ ಎದ್ದವಳೇ ನೇರ ಗಂಗಕ್ಕನ ಅಡುಗೆಮನೆಗೆ ಹೋದಳು.

ಗಂಗಕ್ಕನ ಕಣ್ಣುಗಳು ಹೊಗೆಗೆ ಕೆಂಪಾಗಿದ್ದವು. ಬೋರಕ್ಕ ಮಡಕೆಯ ಮುಂದೆ ಕೂತು ಉಣ್ಣೆ ಸರಿಸಿದಳು.

"ಹಿಂಗೆ ಒಂದೇ ಮಗ್ಗಲು ಇಟ್ರೆ ಆಗಲ್ಲ ಕಣೆ. ಕೋಳಿ ಕಾಲಲ್ಲಿ ಹೊರಳಿಸ್ತಿರತೈತೆ. ಬೆಚ್ಚನೆ ನೀರು ಐತಾ?"

ತಟ್ಟೆಯಲ್ಲಿ ಉಗುರು ಬೆಚ್ಚಗಿನ ನೀರು ಬಂತು. ಬೋರಕ್ಕ ಒಂದು ಮೊಟ್ಟೆಯನ್ನು ಅದರಲ್ಲಿ ತೇಲಿಬಿಟ್ಟಳು. ಇಬ್ಬರೂ ಬಗ್ಗಿ ನೋಡಿದರು. ಮೊಟ್ಟೆ ಸುಮ್ಮನೆ ತೇಲಿತು. ಆಮೇಲೆ, ಯಾರೂ ಮುಟ್ಟದಿದ್ದರೂ, ಸಣ್ಣಗೆ ಅಲುಗಾಡಿತು.

"ಐತೆ," ಎಂದಳು ಬೋರಕ್ಕ. "ಒಳಗೆ ಐತೆ."

ಗಂಗಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಬೋರಕ್ಕ ಆ ಮೊಟ್ಟೆಯನ್ನು ಒರೆಸಿ, ಉಣ್ಣೆಯಲ್ಲಿಟ್ಟು, ಇನ್ನೊಂದನ್ನು ಎತ್ತಿಕೊಂಡಳು. ಮೂರು ಮೊಟ್ಟೆಗಳು ಅಲುಗಲಿಲ್ಲ. ಅವನ್ನು ಪಕ್ಕಕ್ಕೆ ತೆಗೆದಿಟ್ಟರು. ಅವತ್ತಿನಿಂದ ಒಬ್ಬರು ಉಣ್ಣಲು ಹೋದರೆ ಇನ್ನೊಬ್ಬರು ಒಲೆಯ ಮುಂದೆ ಕೂತರು. ಎರಡನೆಯ ದಿನ ಮಧ್ಯಾಹ್ನ ಮೊದಲ ಚಿಪ್ಪು ಬಿರುಕು ಬಿಟ್ಟಿತು. ಸಂಜೆಯೊಳಗೆ ಆರು ಮರಿಗಳು ಒದ್ದೆ ಮೈ ಆರಿಸಿಕೊಂಡು ಕಂಬಳಿಯ ಮೇಲೆ ಚಿಂವ್‌ಗುಟ್ಟುತ್ತಿದ್ದವು. ಒಂದರ ಬೆನ್ನ ಮೇಲೆ ಬಿಳಿ ಚುಕ್ಕೆಗಳಿದ್ದವು.

ಕಾಳ ಕೋಳಿ ಕೊಂದ ಸುದ್ದಿ ಕೇಳಿದ ಬೀರಪ್ಪ ಮಂದೆಯನ್ನು ತಮ್ಮನಿಗೆ ಒಪ್ಪಿಸಿ ಊರಿಗೆ ಬಂದ. ಬಂದವನೇ ಕಾಳನ ಹಗ್ಗ ಬಿಚ್ಚಿ, ಹೆಗಲಿಗೆ ಕೊಡಲಿ ಹಾಕಿಕೊಂಡು ಹೊರಟ. ಗಂಗಕ್ಕ ಬಾಗಿಲಲ್ಲಿ ಕಲ್ಲಿನಂತೆ ನಿಂತಿದ್ದಳು. ಬೀದಿಯಲ್ಲಿ ಬೋರಕ್ಕ ಎದುರಾದಳು.

"ಎತ್ತ ಹೊಂಟೆ ಬೀರಪ್ಪ?"

"ಗುಡ್ಡದ ಕಡೆ. ಕೋಳಿ ಹಿಡಿದ ನಾಯಿ ಮತ್ತೆ ಬಿಡಾದಿಲ್ಲ ಬೋರಕ್ಕ. ನಿಮಗೆ ಮುಖ ತೋರಿಸಾಕೆ ಆಗವಲ್ದು."

ಬೋರಕ್ಕ ನಾಯಿಯನ್ನು ನೋಡಿದಳು. ಯಜಮಾನ ಮರಳಿ ಕುರಿಗಳ ಹತ್ತಿರ ಕರೆದೊಯ್ಯುತ್ತಿದ್ದಾನೆ ಎಂದುಕೊಂಡು ಅದು ಸೊಟ್ಟ ಕಾಲೂರಿಕೊಂಡು ಬಾಲ ಆಡಿಸುತ್ತಿತ್ತು.

"ಸಾಯಿಸಿದ್ರೆ ಚುಕ್ಕಿ ಬರ್ತಾಳಾ? ಈ ಕಾಳ ಹೋದ್ರೆ ಕೇರಿ ನಾಯಿಗಳು ಇಲ್ವಾ? ನಮ್ ಕೋಳಿಗೆ ಒಂದು ಗೂಡು ಗತಿ ಇಲ್ದೆ ಮಂಕರೀಲಿ ಇಟ್ಟಿದ್ವಿ. ಅದು ನಮ್ದೂ ತಪ್ಪೇ. ಕೊಡ್ಲಿ ತಂದಿದ್ದೀಯಲ್ಲ, ಹೋಗು, ಜಾಲಿ ಕಡ್ಕಂಬಾ."

ಬೀರಪ್ಪ ಹಿಂದಿರುಗಿ ಹಗ್ಗವನ್ನು ಗಂಗಕ್ಕನ ಕೈಗೆ ಕೊಟ್ಟು ಒಬ್ಬನೇ ಹೋದ.

ಅವನೂ ಜಂಪಣ್ಣನೂ ಸೇರಿ ಗೋಡೆಯ ಮೇಲೆ ಜಾಲಿಮುಳ್ಳು ಹೊದಿಸಿದರು. ಹಿತ್ತಿಲಲ್ಲಿ ಕಲ್ಲುಗಳ ಮೇಲೆ ಚಪ್ಪಡಿ ಹಾಸಿ, ನಾಯಿ ಮೂತಿಗೆ ನಿಲುಕದಂತೆ ಗೂಡು ಕಟ್ಟಿ ಹಲಗೆಯ ಬಾಗಿಲಿಟ್ಟರು. ಕೋಳಿಗಳು ಹೊರಗಿರುವಾಗ ಕಾಳ ಕಟ್ಟಿನಲ್ಲಿ, ಅವು ಗೂಡು ಸೇರಿದ ಮೇಲೆ ಕಾಳ ಬಿಡುಗಡೆ ಎಂದು ಹೆಂಗಸರು ಮಾತಾಡಿಕೊಂಡರು. ಗೋಡೆಯಲ್ಲಿ ಮಜ್ಜಿಗೆ ಚೊಂಬಿನಷ್ಟು ಜಾಗಕ್ಕೆ ಮಾತ್ರ ಮುಳ್ಳಿರಲಿಲ್ಲ.

ಮರಿಗಳನ್ನು ಬೋರಕ್ಕನ ಹಿತ್ತಿಲಿಗೆ ಬಿಟ್ಟ ಮೇಲೆ ಗಂಗಕ್ಕ ದಿನಾ ಸಂಜೆ ಕಾಳನನ್ನು ಹಗ್ಗದಲ್ಲಿ ಹಿಡಿದು ಅಲ್ಲಿಗೆ ಬಂದು ಕೂರುತ್ತಿದ್ದಳು. ಅವನು ಮರಿಗಳ ಕಡೆ ಕಿವಿ ನಿಮಿರಿಸಿದರೆ, "ಊಹೂಂ" ಎಂದು ಮೆಲ್ಲಗೆ ಹಗ್ಗ ಜಗ್ಗುತ್ತಿದ್ದಳು. ತಲೆ ನೆಲಕ್ಕೆ ಇಟ್ಟರೆ ರೊಟ್ಟಿಯ ಚೂರು ಕೊಡುತ್ತಿದ್ದಳು. ಬೋರಕ್ಕ ಕೈಯಲ್ಲಿ ಪೊರಕೆ ಹಿಡಿದೇ ಇದನ್ನೆಲ್ಲ ನೋಡುತ್ತಿದ್ದಳು. ಅವಳಿಗೆ ನಂಬಿಕೆ ಬಂದಿರಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ದಿನ, ಬೋರಕ್ಕ ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದಾಗ, ತುಂಡಾದ ಹಗ್ಗ ಎಳೆದುಕೊಂಡು ಕಾಳ ಒಳಗೆ ಬಂದ. ರೆಕ್ಕೆ ಬಲಿತ ಮರಿಗಳು ತಿಪ್ಪೆ ಕೆದಕುತ್ತಿದ್ದವು. ಅವುಗಳಲ್ಲಿ ಒಂದು ಬೆದರಿ ಓಡಿತು. ಕಾಳನ ಮೈ ಬಿಗಿಯಾಯಿತು. ಬೋರಕ್ಕನ ಕೈಯಲ್ಲಿ ಒದ್ದೆ ಸೀರೆಯ ಹೊರತು ಏನೂ ಇರಲಿಲ್ಲ. ಕಿರುಚಿದರೆ ಕೋಳಿಗಳು ಚೆಲ್ಲಾಪಿಲ್ಲಿಯಾಗುತ್ತವೆ, ಅವು ಓಡಿದರೆ ಇವನೂ ಓಡುತ್ತಾನೆ. ಅವಳು ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಮಗುವನ್ನು ಕರೆಯುವ ದನಿಯಲ್ಲಿ ಕರೆದಳು.

"ಕಾಳ. ಬಾರಪ್ಪ ಇಲ್ಲಿ."

ನಾಯಿ ಕೋಳಿಗಳನ್ನು ನೋಡಿತು, ಅವಳನ್ನು ನೋಡಿತು. ಅದರ ತೊಡೆ ನಡುಗುತ್ತಿತ್ತು. ಕೊನೆಗೆ ತಲೆ ತಗ್ಗಿಸಿ, ಕುಂಟುತ್ತ ಬಂದು ಅವಳ ಮೊಣಕಾಲಿಗೆ ಮೈ ಒತ್ತಿ ನಿಂತಿತು. ಬೋರಕ್ಕ ಮೊದಲ ಸಲ ಅದರ ಕುತ್ತಿಗೆಗೆ ಕೈಹಾಕಿದಳು. ಎದೆ ಡವಗುಟ್ಟುತ್ತಿದ್ದದ್ದು ತನ್ನದೋ ನಾಯಿಯದೋ ಅವಳಿಗೆ ತಿಳಿಯಲಿಲ್ಲ. ಗಂಗಕ್ಕ ಗಾಬರಿಯಿಂದ ಓಡಿಬರುವವರೆಗೂ ಅವಳು ಅದರ ಬೆನ್ನು ಸವರುತ್ತಲೇ ಇದ್ದಳು.

"ಏನಾತು ಬೋರಕ್ಕ? ಕೋಳಿಪಿಳ್ಳೆಗಳು?"

"ಎಲ್ಲ ಅವೆ," ಎಂದಳು ಬೋರಕ್ಕ. ತುಂಡಾದ ಹಗ್ಗದ ತುದಿಯನ್ನು ಬೆರಳಲ್ಲಿ ಹೊಸೆದು ನೋಡಿ, "ಇದು ಲಡ್ಡಾಗೈತೆ ಕಣೆ. ಹೊಸದು ತಗಾಬೇಕು. ಹೊಸದುರ್ಗದ ಸಂತೆಗೆ ನಾನೂ ಬರ್ತೀನಿ, ಜತೆಗೆ ಹೋಗಾಣ," ಎಂದಳು.