ಹೆಂಡತಿಯ ಪಾಲಿನ ಮಾತ್ರೆ

ಗುಬ್ಬಿಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿದ್ದ ಬಸವರಾಜನಿಗೆ ಉಚ್ಚೆ ಹೊಯ್ಯುವಾಗ ಉರಿ ಶುರುವಾಗಿದ್ದು ಮದುವೆಯಾದ ಎಂಟನೇ ತಿಂಗಳಲ್ಲಿ. ಮೂರು ದಿನ ಹಲ್ಲು ಕಚ್ಚಿಕೊಂಡಿದ್ದ. ತಾಯಿ ಸಿದ್ದಲಕ್ಷ್ಮಮ್ಮ ಮಗನ ಮುಖ ನೋಡಿ, "ಉಷ್ಣ ಕಣೋ, ಬಿಸಿಲಲ್ಲಿ ಅಲೀತೀಯ" ಎಂದು ಮೆಂತ್ಯ ನೆನೆಸಿದ ಮಜ್ಜಿಗೆ ಕುಡಿಸಿದಳು. ಪಾಪ, ಅವಳಿಗೇನು ಗೊತ್ತು! ಬೋರ್‌ವೆಲ್‌ಗೆ ಪೈಪು ಇಳಿಸಲು ವಾರಕ್ಕೊಮ್ಮೆ ಕುಣಿಗಲ್‌ಗೆ ಹೋಗುವ ಮಗರಾಯ ಅಲ್ಲಿನ ಲಾಡ್ಜಿನಲ್ಲಿ ದುಡ್ಡು ಕೊಟ್ಟು ಎಂಥಾ ಬಿಸಿಲು ಕಾಯಿಸಿಕೊಂಡು ಬರುತ್ತಿದ್ದ ಅನ್ನುವುದು ಅವನೊಬ್ಬನಿಗೇ ಗೊತ್ತು. ನಾಲ್ಕನೇ ದಿನ ಕೀವು ಕಂಡಿತು. ಆಗ ಗುಂಡಿಗೆ ಬಾಯಿಗೆ ಬಂತು.

ಗುಬ್ಬಿಯ ಡಾಕ್ಟರುಗಳೆಲ್ಲ ಗುರುತಿನವರು. ಹಾಗಾಗಿ ತುಮಕೂರಿನ ಬಸ್ ಹತ್ತಿ, ಯಾರೂ ಕಾಣದಂತೆ ಮುಖಕ್ಕೆ ಕರ್ಚೀಫು ಕಟ್ಟಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದ. ಡಾಕ್ಟರು ನೋಡಿ ಔಷಧಿ ಬರೆದರು. ರೋಗಿಗಳಿಗೆ ತಿಳಿವಳಿಕೆ ಹೇಳುವ ಮುಬಶ್ಶಿರಾ ಎಂಬಾಕೆ ಮೇಜಿನ ಮೇಲೆ ಎರಡು ಪೊಟ್ಟಣ ಇಟ್ಟಳು.

"ಇದು ನಿಮ್ದು, ಇದು ನಿಮ್ಮ ಮನೆಯವ್ರದು. ಇಬ್ರೂ ಒಂದೇ ದಿನ ನುಂಗ್ಬೇಕು ಅಣ್ಣ. ಹೆಂಗಸ್ರಿಗೆ ಇದು ಬಂದ್ರೂ ಎಷ್ಟೋ ಸಲ ಗೊತ್ತಾಗಲ್ಲ. ಒಳಗೊಳಗೇ ಗರ್ಭನಾಳ ಕೆಟ್ಟೋಗುತ್ತೆ, ಆಮೇಲೆ ಮಕ್ಕಳಾಗೋದು ಕಷ್ಟ. ಅವ್ರನ್ನೂ ಕರ್ಕೊಂಬನ್ನಿ, ನಾನೇ ಮಾತಾಡ್ತೀನಿ."

"ಬ್ಯಾಡ ಮೇಡಂ, ನಾನೇ ಕೊಡ್ತೀನಿ" ಎಂದ ಬಸವರಾಜ.

ಕೊಡುವುದು ಹೇಗೆ? ಆ ಮನೆಯಲ್ಲಿ ಸೊಸೆ ತಲೆನೋವಿನ ಮಾತ್ರೆ ನುಂಗಿದರೂ ಅತ್ತೆಗೆ ಯಾಕೆ, ಏನು ಅಂತ ವರದಿ ಒಪ್ಪಿಸಬೇಕು. ಹೆಂಡತಿ ದೀಪಿಕಾ ಬೇರೆ ಬಿ.ಕಾಂ. ಓದಿದವಳು, ಪೊಟ್ಟಣ ಕೈಗೆ ಕೊಟ್ಟರೆ ಹೆಸರು ಓದಿ, ಮೊಬೈಲಿನಲ್ಲಿ ಹುಡುಕಿ, ಒಂದೇ ನಿಮಿಷದಲ್ಲಿ ಗಂಡನ ಜಾತಕ ಬಿಡಿಸಿ ಹಾಕುತ್ತಿದ್ದಳು. ಎಸೆಯೋಣವೆಂದರೆ ಯಾಕೋ ಮನಸ್ಸು ಬರಲಿಲ್ಲ. ಕಡೆಗೆ ಅವನಿಗೆ ಹೊಳೆದ ಉಪಾಯ ನೋಡಿ: ರೋಗ ಬಂದಿರುವುದು ನನಗೆ, ಎರಡು ಪಾಲನ್ನೂ ನಾನೇ ನುಂಗಿಬಿಟ್ಟರೆ ಬೇರುಸಮೇತ ಹೋಗುತ್ತದೆ, ಆಮೇಲೆ ಅವಳಿಗೆ ಅಂಟುವುದಾದರೂ ಎಲ್ಲಿಂದ? ಈಗಾಗಲೇ ಅಂಟಿರಬಹುದು ಅನ್ನುವ ಯೋಚನೆಯನ್ನು ಅವನು ಹತ್ತಿರಕ್ಕೇ ಬಿಟ್ಟುಕೊಳ್ಳಲಿಲ್ಲ. ಅಂಗಡಿಯ ಹಿಂದೆ ನಿಂತು ಎರಡೂ ಪೊಟ್ಟಣ ನುಂಗಿದ ಬುದ್ಧಿವಂತ, ಸಂಜೆಯವರೆಗೂ ವಾಂತಿ ಮಾಡಿಕೊಂಡ.

ಮುಬಶ್ಶಿರಾ ಫೋನ್ ಮಾಡಿ ಕೇಳಿದಾಗ, "ನನ್ನೆದುರಲ್ಲೇ ನುಂಗಿದ್ಲು ಮೇಡಂ" ಎಂದ. ತಿಂಗಳೊಪ್ಪತ್ತಿನಲ್ಲಿ ಉರಿ ಮತ್ತೆ ಬಂತು. ಈ ಸಲ ಆಸ್ಪತ್ರೆಗೂ ಹೋಗಲಿಲ್ಲ. ಮಾತ್ರೆಯ ಹೆಸರು ಬಾಯಿಪಾಠವಾಗಿತ್ತು, ಕುಣಿಗಲ್‌ನ ಮೆಡಿಕಲ್ ಸ್ಟೋರಿನಲ್ಲಿ ಕೊಂಡು ಒಬ್ಬನೇ ನುಂಗಿದ. ಹೆದರಿ ಲಾಡ್ಜಿನ ಸಹವಾಸವನ್ನೂ ಬಿಟ್ಟ.

ದೀಪಿಕಾಗೆ ಕಿಬ್ಬೊಟ್ಟೆಯಲ್ಲಿ ನೋವು ಬರುತ್ತಿತ್ತು. ಅತ್ತೆ ಓಮದ ಕಷಾಯ ಕೊಟ್ಟಳು. ವರ್ಷ ಮೂರಾಯಿತು, ಬಸಿರಾಗಲಿಲ್ಲ. ಓಣಿಯವರು ಕೇಳಿ ಕೇಳಿ ಅವಳ ಜೀವ ಹಿಂಡಿದ ಮೇಲೆ, ತುಮಕೂರಿನ ಹೆಂಗಸರ ಡಾಕ್ಟರ ಹತ್ತಿರ ಗಂಡ, ಅತ್ತೆ, ಅವಳು ಮೂವರೂ ಹೋದರು. ಡಾಕ್ಟರಮ್ಮ ಸ್ಕ್ಯಾನಿನ ರಿಪೋರ್ಟು ಹಿಡಿದು ಹೇಳಿದರು: "ಎರಡೂ ನಾಳ ಮುಚ್ಚಿಹೋಗಿದೆ. ಯಾವಾಗಲೋ ಸೋಂಕಾಗಿ ಟ್ರೀಟ್‌ಮೆಂಟ್ ಆಗದೆ ಉಳಿದಿದೆ. ಇದು ಗಂಡ ಹೆಂಡತಿ ಸೇರೋದ್ರಿಂದಲೇ ಹೆಚ್ಚಾಗಿ ಬರೋದು. ಯಜಮಾನ್ರೇ, ನಿಮಗೆ ಯಾವತ್ತಾದ್ರೂ ಉರಿ, ಕೀವು ಆಗಿತ್ತೇನ್ರಿ?"

ದೀಪಿಕಾ ತಿರುಗಿ ಗಂಡನನ್ನು ನೋಡಿದಳು. ಕಾರಣ ಸಿಕ್ಕೀತೆಂಬ ಆಸೆಯಿಂದ ನೋಡಿದಳು.

"ಇಲ್ಲ ಡಾಕ್ಟ್ರೇ. ನಂಗೇನಾಗೈತೆ?" ಎಂದ ಬಸವರಾಜ. ದನಿ ಗಟ್ಟಿಯಾಗಿಯೇ ಇತ್ತು.

ಸಿದ್ದಲಕ್ಷ್ಮಮ್ಮ ಆಸ್ಪತ್ರೆಯ ಮೆಟ್ಟಿಲು ಇಳಿಯುವ ಮೊದಲೇ ಲೆಕ್ಕ ಹಾಕಿ ಮುಗಿಸಿದ್ದಳು. "ನನ್ನ ಮಗಂಗೆ ಇಲ್ಲ ಅಂದ್ಮೇಲೆ ಇವ್ಳಿಗೆ ಎಲ್ಲಿಂದ ಬಂತು? ಮೂರು ವರ್ಷ ತುಮಕೂರಲ್ಲಿ ಹಾಸ್ಟೆಲ್‌ನಲ್ಲಿ ಇದ್ಲಲ್ಲ, ಅಲ್ಲೇನು ಓದಿದ್ಲೋ!"

ಅಯ್ಯೋ ಪುಣ್ಯಾತ್ಮ, ಈಗಲಾದರೂ ಬಾಯಿ ಬಿಡಬಾರದಿತ್ತೇ? ಬಿಡಲಿಲ್ಲ. ಕೋತಿ ತಾನು ಮೊಸರು ತಿಂದು ಮೇಕೆ ಮೂತಿಗೆ ಒರೆಸಿತಂತೆ. ಅವನು ಒರೆಸುವ ಕಷ್ಟವನ್ನೂ ಪಡಲಿಲ್ಲ, ಅಮ್ಮನೇ ಒರೆಸುವಾಗ ಸುಮ್ಮನೆ ನಿಂತಿದ್ದ.

ಅಂದಿನಿಂದ ದೀಪಿಕಾಳ ತಟ್ಟೆ ಲೋಟ ಬೇರೆಯಾದವು. ಅಡುಗೆಮನೆಯೊಳಕ್ಕೆ ಬರಬೇಡ ಅಂದಳು ಅತ್ತೆ. ಅವಳು ಅತ್ತೂ ಅತ್ತೂ ಒಂದು ದಿನ ಗಂಡನ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಳು: "ದೇವ್ರಾಣೆ ನಾನು ಯಾರ ಹತ್ರಾನೂ ಹೋಗಿಲ್ಲ ರೀ. ಹಾಸ್ಟೆಲ್ ಬಾತ್‌ರೂಮ್ ಬಾಳಾ ಗಲೀಜಿತ್ತು. ಅಲ್ಲಿಂದ ಬಂದಿರ್ಬೋದಾ?"

ಹಾಗೆ ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆಸ್ಪತ್ರೆಯ ಗೋಡೆಯ ಮೇಲೆ ಕನ್ನಡದಲ್ಲೇ ಬರೆದಿತ್ತು, ತನ್ನ ಸರದಿ ಕಾಯುತ್ತಾ ಎರಡು ಸಲ ಓದಿದ್ದ.

"ಇರ್ಬೋದು" ಎಂದ.

ಮಾರನೇ ವಾರ ಸಿದ್ದಲಕ್ಷ್ಮಮ್ಮ ಬೀಗರಿಗೆ ಫೋನ್ ಮಾಡಿ, ನಿಮ್ಮ ಮಗಳನ್ನು ಕರೆದುಕೊಂಡು ಹೋಗಿ ಎಂದಳು. ದೀಪಿಕಾಳ ತಂದೆ ಮಹಾಲಿಂಗಯ್ಯ ಕಡಬದಿಂದ ಬಂದರು. ವಿಭೂತಿ ಧರಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ ಹಿರಿಯರು. ಊರಲ್ಲಿ ನ್ಯಾಯ ಹೇಳುವವರು. ಇಲ್ಲಿ ನಡುಮನೆಯಲ್ಲಿ ನಿಂತವರಿಗೆ ಕೂರಿ ಅನ್ನುವವರಿರಲಿಲ್ಲ.

"ನಮ್ಮ ಹುಡ್ಗಿ ಅಂಥೋಳಲ್ಲ ಅಂತ ಹೇಳೋಕೂ ನಂಗೆ ನಾಲಿಗೆ ಇಲ್ದಂಗಾಗೈತೆ" ಎನ್ನುತ್ತಾ ಅವರು ಬಗ್ಗಿದರು. ಎಲ್ಲರೂ ನೋಡುತ್ತಿದ್ದಂತೆ ಅಳಿಯನ ಎರಡೂ ಪಾದ ಹಿಡಿದರು. "ಮನೆಯಿಂದ ಮಾತ್ರ ಆಚೆ ಹಾಕ್ಬ್ಯಾಡಿ. ಏನಾರ ತಪ್ಪಾಗಿದ್ರೆ ಕ್ಷಮಿಸಿಬಿಡಿ."

ಬಸವರಾಜನಿಗೆ ನಾಚಿಕೆಯಾಯಿತು. ನಿಜ ಹೇಳಿಬಿಡಲೇ ಅನ್ನಿಸಿದ್ದೂ ಉಂಟು. ಅಷ್ಟರಲ್ಲಿ ಓಣಿಯ ರಂಗಲಕ್ಷ್ಮಮ್ಮ ಬಾಗಿಲಲ್ಲಿ ಬಂದು ನಿಂತಳು. ಅವನು ಗಂಟಲು ಸರಿಮಾಡಿಕೊಂಡ.

"ಏಳಿ ಮಾವ. ನಾನು ಕ್ಷಮಿಸಿದೀನಿ. ಆಗಿದ್ದು ಆಗೋಯ್ತು, ಮೂಲೇಲಿ ಬಿದ್ದಿರ್ಲಿ ಬುಡಿ."

"ದೇವ್ರಂಥ ಗಂಡ" ಎಂದಳು ರಂಗಲಕ್ಷ್ಮಮ್ಮ. ಸಿದ್ದಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ದೀಪಿಕಾ ಓಡಿಬಂದು, ಅಪ್ಪ ಹಿಡಿದಿದ್ದ ಪಾದಗಳಿಗೇ ಹಣೆ ಹಚ್ಚಿದಳು. "ನೋಡಪ್ಪಾ, ಬೇರೆಯವ್ರಾಗಿದ್ರೆ ಕೈ ಬಿಟ್ಟಿರೋರು" ಎಂದು ಬಿಕ್ಕಿದಳು. ಬಸವರಾಜ ಅವಳ ತಲೆಯ ಮೇಲೆ ಕೈಯಿಟ್ಟು, ಚೆನ್ನಾಗಿರು ಎಂದು ಹರಸಿದ.